ಗಣಿ ನಿಂತ ಬೆಟ್ಟದೂರು

(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಮಾತಿಗೆ ನಿಂತವರು ಬನವಾಸಿಯಿಂದ ಹೊರಟು, ಬಾದಾಮಿಯಲ್ಲಿ ತಂಗಿ, ಹಂಪೆಯಲ್ಲಿ ಕಣ್ಣೀರಿಟ್ಟು, 1956ರ ಏಕೀಕರಣಕ್ಕೆ ಬಂದು ನಿಲ್ಲುವುದು ವಾಡಿಕೆ. ಆ ದಾರಿಯನ್ನು ನಮಗಿಂತ ಬಲ್ಲವರು ಇದೇ ವೇದಿಕೆಯಿಂದ ಅನೇಕ ಸಲ ತೋರಿಸಿದ್ದಾರೆ. ನಾವು ಈ ಹೊತ್ತು ತಮ್ಮನ್ನು ಕರೆದೊಯ್ಯಬೇಕೆಂದಿರುವುದು ಬೇರೊಂದು ಸಣ್ಣ ಊರಿಗೆ. ಅದಕ್ಕೆ ಕೋಟೆಯಿಲ್ಲ, ಕೊತ್ತಲವಿಲ್ಲ, ಶಾಸನವಿಲ್ಲ. ಸ್ಥಳಪುರಾಣವನ್ನು ಹೇಳಿಕೊಳ್ಳುವಷ್ಟು ವಯಸ್ಸೂ ಇಲ್ಲ. ಇಲ್ಲಿ ಕುಳಿತಿರುವ ಅನೇಕರು ಆ ಊರಿಗಿಂತ ಹಿರಿಯರು. ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಘಟ್ಟದ ನೆತ್ತಿಯಲ್ಲಿ ಇರುವ ಕುದುರೆಮುಖವೇ ಆ ಊರು.

ಈ ಊರಿನ ಮಾತನ್ನೇ ಏಕೆ ಎತ್ತಿಕೊಂಡೆವೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು. ಎರಡು ವರ್ಷದ ಹಿಂದೆ ಸಂಘದ ದೀಪಾವಳಿ ಕೂಟದಲ್ಲಿ, ಚಹದ ಹೊತ್ತಿಗೆ, ನಮ್ಮ ಇಬ್ಬರು ಸದಸ್ಯರ ನಡುವೆ ಮಾತಿಗೆ ಮಾತು ಬೆಳೆಯಿತು. ಒಬ್ಬರು ಕುದುರೆಮುಖದ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು. ಅವರ ತಂದೆ ಗಣಿಯ ನೌಕರರು. ಇನ್ನೊಬ್ಬರು ಹರಿಹರದ ಕಡೆಯ ರೈತರ ಮಕ್ಕಳು; ಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದು ಓದಿಸಿದ ಮನೆ. “ಇದ್ದ ಊರನ್ನು ಬೀಗ ಹಾಕಿಸಿದಿರಲ್ಲ ರೀ, ಯಾರಿಗೆ ಏನು ಸಿಕ್ಕಿತು?” ಎಂದು ಇವರು. “ನಿಮ್ಮ ಊರು ಉಳಿಯಲೆಂದು ನಮ್ಮ ಹೊಳೆ ಹೂಳಬೇಕಿತ್ತೇನು?” ಎಂದು ಅವರು. ಚಹ ಆರಿತು, ಕೂಟವೂ ಆರಿತು. ಮುಂದೆ ಎಷ್ಟೋ ತಿಂಗಳು ಇಬ್ಬರಲ್ಲಿ ಒಬ್ಬರು ಬಂದ ಕಾರ್ಯಕ್ರಮಕ್ಕೆ ಇನ್ನೊಬ್ಬರು ಬರಲಿಲ್ಲ. ಸಾವಿರ ಮೈಲಿಗೆ ಹತ್ತಿರ ದೂರ ಬಂದು ನೆಲೆಸಿದ ನಾವು, ತೌರಿನ ಒಂದು ಬೆಟ್ಟಕ್ಕಾಗಿ ಇಲ್ಲಿ ಮುಖ ತಿರುಗಿಸಿಕೊಳ್ಳುವಂತಾಯಿತು. ಈ ದಿನ ಇಬ್ಬರೂ ಈ ಸಭೆಯಲ್ಲಿದ್ದಾರೆಂಬುದು ನಮ್ಮ ಭಾಗ್ಯ. ಹೆಸರು ಹೇಳುವುದಿಲ್ಲ, ಅವರು ಗಾಬರಿಯಾಗಬೇಕಾಗಿಲ್ಲ. ಅವರ ಜಗಳ ನಮ್ಮನ್ನು ಓದಿಗೆ ಹಚ್ಚಿತು, ಆ ಬೆಟ್ಟದವರೆಗೂ ಎಳೆದೊಯ್ಯಿತು. ಅಲ್ಲಿ ಕಂಡದ್ದನ್ನೂ ಓದಿ ತಿಳಿದದ್ದನ್ನೂ ತಮ್ಮ ಮುಂದೆ ಇಡುತ್ತೇವೆ.

ಬೆಟ್ಟದ ಊರು, ಗಣಿಯ ಊರು ಎಂದೊಡನೆ ಬೇರೆ ಸೀಮೆಯವರಿಗೆ ನೆನಪಾಗುವುದು ಕಲ್ಲಿದ್ದಲು. ಇಂಗ್ಲೆಂಡಿನ ಪಕ್ಕದ ವೇಲ್ಸ್ ದೇಶದ ಕಣಿವೆಗಳಲ್ಲಿ ಅಂಥ ಊರುಗಳು ಸಾಲುಸಾಲಾಗಿ ಹುಟ್ಟಿ, ಗಣಿ ನಿಂತ ಮೇಲೆ ಮಂಕಾದವು. ಅಹಮದಾಬಾದಿನ ಗಿರಣಿಗಳ ಚಿಮಣಿಗಳಲ್ಲಿ ಹೊಗೆಯಾದದ್ದೂ ಕಲ್ಲಿದ್ದಲೇ. ಗುಜರಾತಿನ ನೆಲದಲ್ಲಿ, ಸೂರತ್ ಜಿಲ್ಲೆಯ ತಡಕೇಶ್ವರದಲ್ಲಿ, ಕಚ್ಛದ ಪಾನಂಧ್ರೊದಲ್ಲಿ, ಅದರ ತಮ್ಮನೆನ್ನಬಹುದಾದ ಲಿಗ್ನೈಟನ್ನು ಅಗೆದಿದ್ದಾರೆ. ನಮ್ಮ ಕರ್ನಾಟಕಕ್ಕೆ ಮಾತ್ರ ಆ ಸಂಪತ್ತು ಇಲ್ಲ. ಕಾರಣ ಸರಳವಾದದ್ದು. ಕಲ್ಲಿದ್ದಲು ಎಂದರೆ ಮಣ್ಣಿನಡಿ ಹೂತುಹೋದ ಕಾಡು. ನಮ್ಮ ನಾಡಿನ ಹೆಚ್ಚಿನ ಭಾಗದ ಬಂಡೆಗಳೋ 250 ಕೋಟಿ ವರ್ಷಗಳಿಗೂ ಹಿಂದಿನವು; ನೆಲದ ಮೇಲೆ ಮರವೆಂಬುದು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಹೆಪ್ಪುಗಟ್ಟಿದವು. ಮರವೇ ಇಲ್ಲದ ಕಾಲದ ಕಲ್ಲಿನಲ್ಲಿ ಇದ್ದಲು ಎಲ್ಲಿಂದ ಬರಬೇಕು? ಆದ್ದರಿಂದಲೇ ರಾಯಚೂರಿನ ವಿದ್ಯುತ್ ಕೇಂದ್ರಕ್ಕೆ ಹೊರ ರಾಜ್ಯದಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ನಮ್ಮ ಹಳೆಯ ಬಂಡೆಗಳು ಕೊಟ್ಟದ್ದು ಕೋಲಾರದ ಚಿನ್ನ, ಸಂಡೂರಿನ ಮ್ಯಾಂಗನೀಸು, ಬಳ್ಳಾರಿಯ ಕಬ್ಬಿಣ. ಮಲೆನಾಡಿನ ಮಳೆಕಾಡಿನ ಕೆಳಗೆ ಕೊಟ್ಟದ್ದು ಕುದುರೆಮುಖದ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು.

ಊರಿಗೆ ಹೆಸರು ಬಂದದ್ದು ಬೆಟ್ಟದಿಂದ. ಸುಮಾರು 1,890 ಮೀಟರು ಎತ್ತರದ ಆ ಶಿಖರವು ಒಂದು ಕಡೆಯಿಂದ ನೋಡಿದರೆ ಕುದುರೆಯ ಮೋರೆಯಂತೆ ಕಾಣುತ್ತದೆ. ಸಂಸೆ ಗ್ರಾಮದ ಕಡೆಯಿಂದ ಹತ್ತುತ್ತಿದ್ದ ಕಾರಣ ಹಿಂದೆ ಅದನ್ನು ಸಂಸೆಪರ್ವತವೆಂದೂ ಕರೆಯುತ್ತಿದ್ದರು. ಆ ಸೀಮೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರು ಮಳೆ. ಅಹಮದಾಬಾದಿನಲ್ಲಿ ಹತ್ತು ವರ್ಷ ಬೀಳುವ ಮಳೆಗೆ ಹತ್ತಿರ ಹತ್ತಿರ ಅಲ್ಲಿ ಒಂದೇ ವರ್ಷದಲ್ಲಿ ಸುರಿಯುತ್ತದೆ ಎಂದರೆ ತಮಗೆ ಅಂದಾಜಾದೀತು. ಅಲ್ಲಿಗೆ ಸಮೀಪದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ನೇತ್ರಾವತಿ ಘಟ್ಟ ಇಳಿದು ಮಂಗಳೂರಿನ ಕಡಲಿಗೆ ಸೇರುತ್ತಾಳೆ. ತುಂಗೆ ಭದ್ರೆಯರು ಮೂಡಣಕ್ಕೆ ತಿರುಗಿ, ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆಯಾಗಿ ಹಂಪೆಯ ಕಲ್ಲುಗಳ ನಡುವೆ ಹರಿಯುತ್ತಾರೆ. ಇವರಲ್ಲಿ ಭದ್ರೆಯು ಹುಟ್ಟಿದ ಸ್ವಲ್ಪ ದೂರದಲ್ಲೇ ಹಾದುಹೋಗುವುದು ನಮ್ಮ ಈ ಗಣಿಯ ಊರಿನ ಪಕ್ಕದಲ್ಲಿ. ಈ ಒಂದು ಸಂಗತಿಯನ್ನು ತಾವು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಕಥೆಯ ಗಂಟು ಇಲ್ಲಿಯೇ ಇದೆ.

1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು ಆ ಗುಡ್ಡಗಳಲ್ಲಿ, ಅರೋಲಿ ಮತ್ತು ಮಲ್ಲೇಶ್ವರ ಎಂಬ ಸ್ಥಳಗಳ ಸುತ್ತ, ಅದಿರನ್ನು ಗುರುತಿಸಿದರು. ಗುರುತಿಸಿದ ಮಾತ್ರಕ್ಕೆ ತೆಗೆಯಲಾಗಲಿಲ್ಲ. ದಾರಿಯಿಲ್ಲ, ಬಂದರಿಲ್ಲ, ಅದಿರಿನಲ್ಲಿ ಕಬ್ಬಿಣದ ಪಾಲೂ ನೂರಕ್ಕೆ 40ರ ಒಳಗೆ. ಐವತ್ತು ವರ್ಷ ಅದು ಕಡತದಲ್ಲಿ ಮಲಗಿತ್ತು. 1960ರ ದಶಕದಲ್ಲಿ ಕೇಂದ್ರದ ಗಣಿ ನಿಗಮದವರು ಬೆಟ್ಟವನ್ನು ಕೊರೆದು ಪರೀಕ್ಷಿಸಿದರು. 1969ರಲ್ಲಿ 30 ವರ್ಷಗಳ ಗಣಿ ಗುತ್ತಿಗೆ ಆಯಿತು. ಆ ವೇಳೆಗೆ ಪರ್ಷಿಯಾ, ಎಂದರೆ ಇರಾನ್ ದೇಶದ ದೊರೆ ಷಾ ಅವರಿಗೆ ಉಕ್ಕಿನ ಕಾರ್ಖಾನೆಗಳನ್ನು ಕಟ್ಟುವ ಉತ್ಸಾಹ. ಎಣ್ಣೆಯ ಹಣ ಕೈತುಂಬ ಇತ್ತು. 1975ರ ನವೆಂಬರಿನಲ್ಲಿ ಒಪ್ಪಂದವಾಯಿತು: ಇರಾನ್ ಸಾಲ ಕೊಡುವುದು, ಕುದುರೆಮುಖವು 21 ವರ್ಷಗಳಲ್ಲಿ 15 ಕೋಟಿ ಟನ್ ಶುದ್ಧಿಮಾಡಿದ ಅದಿರನ್ನು ಕೊಡುವುದು. ಮರುವರ್ಷ, 1976ರ ಏಪ್ರಿಲಿನಲ್ಲಿ, ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ನಾಡಿಗೆ ಕರ್ನಾಟಕವೆಂಬ ಹೆಸರು ಬಂದು ಆಗ ಇನ್ನೂ ಮೂರು ವರ್ಷವಾಗಿರಲಿಲ್ಲ.

ಆದರೆ ದೊರೆಗಳ ಮಾತು ದೊರೆ ಇರುವ ತನಕ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟರು. ಒಪ್ಪಿದ ಸಾಲ ಪೂರ್ತಿ ಬರಲಿಲ್ಲ, ಅದಿರನ್ನು ಕೊಳ್ಳುವವರೂ ಇಲ್ಲವಾದರು. 1980ರಲ್ಲಿ ಗಣಿ ಸಿದ್ಧವಾಯಿತು. ಮದುವೆಯ ಅಡಿಗೆ ಆಗಿ ಗಂಡಿನ ಕಡೆಯವರು ಬಾರದಂತಾಯಿತು. ಹೀಗಿದ್ದರೂ ಕಂಪನಿಯವರು ಕೈಚೆಲ್ಲಲಿಲ್ಲ. ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿದರು. 1987ರ ಹೊತ್ತಿಗೆ ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಗುಂಡುಗಳಾಗಿ ಸುಡುವ ಪೆಲೆಟ್ ಕಾರ್ಖಾನೆಯನ್ನೂ ನಡೆಸತೊಡಗಿದರು.

ಅಲ್ಲಿಯ ಕೆಲಸದ ರೀತಿಯನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಕೋಲಾರದಲ್ಲಿ ನೆಲದೊಳಗೆ ಮೂರು ಕಿಲೋಮೀಟರು ಇಳಿದು ಅಗೆಯುತ್ತಿದ್ದರೆ, ಕುದುರೆಮುಖದಲ್ಲಿ ಅಗೆತವೆಲ್ಲ ಬಯಲಿನಲ್ಲಿ. ಗುಡ್ಡವನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದು, ಅದಿರನ್ನು ಹಿಟ್ಟಿನಂತೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಕಣಗಳನ್ನು ಹಿಡಿದು, ಉಳಿದ ಕೆಸರನ್ನು ಬೇರೆ ಮಾಡುತ್ತಿದ್ದರು. ಹೀಗೆ ಕಬ್ಬಿಣದ ಪಾಲು ನೂರಕ್ಕೆ 67ರವರೆಗೆ ಏರುತ್ತಿತ್ತು. ವರ್ಷಕ್ಕೆ 75 ಲಕ್ಷ ಟನ್ನು ತಯಾರಿಸುವ ಶಕ್ತಿ ಆ ಕಾರ್ಖಾನೆಗೆ ಇತ್ತು. ಅದನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ, ಘಟ್ಟದ ಮೇಲಿನಿಂದ ಕಡಲತಡಿಯ ಪಣಂಬೂರಿಗೆ ಹರಿಸುತ್ತಿದ್ದರು. ಬೆಟ್ಟವೇ ಅಂಬಲಿಯಾಗಿ ಹಡಗಿಗೆ ಇಳಿಯುತ್ತಿತ್ತು ಎನ್ನಬಹುದು. ಉಳಿದ ಕೆಸರಿಗೆ ಜಾಗ ಬೇಕಲ್ಲ. ಅದಕ್ಕಾಗಿ ಭದ್ರೆಯ ಉಪನದಿ ಲಖ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರು ಎತ್ತರದ ಅಣೆಕಟ್ಟನ್ನು ಕಟ್ಟಿದರು. ನೀರು ಹಿಡಿಯಲು ಕಟ್ಟಿದ ಕಟ್ಟೆಗಳನ್ನು ನಾವು ಬಹಳ ನೋಡಿದ್ದೇವೆ. ಕೆಸರು ಹಿಡಿಯಲೆಂದು ಅಷ್ಟು ಎತ್ತರದ ಕಟ್ಟೆ ಅಪರೂಪ.

ಈ ಕೆಲಸದ ಸಲುವಾಗಿ ಕಾಡಿನ ನಡುವೆ ಒಂದು ಊರು ಎದ್ದಿತು. ಆಸ್ಪತ್ರೆ, ಶಾಲೆ, ಅಂಗಡಿ ಸಾಲು, ಬ್ಯಾಂಕು, ಗುಡಿ, ಚರ್ಚು, ಮಸೀದಿ, ಆಟದ ಮೈದಾನ, ಸಿನೆಮಾ ಎಲ್ಲವೂ ಬಂದವು. 2001ರ ಜನಗಣತಿಯ ಹೊತ್ತಿಗೆ ಅಲ್ಲಿ ಸುಮಾರು 8 ಸಾವಿರ ಜನ. ನಮ್ಮ ಸದಸ್ಯರು ಹೇಳುವಂತೆ, ಅವರ ಬೀದಿಯಲ್ಲಿ ತುಳುವರು, ಮಲೆಯಾಳಿಗಳು, ತಮಿಳರು, ತೆಲುಗರು, ಉತ್ತರದವರು ಎಲ್ಲರೂ ಇದ್ದರು. ಮನೆಯೊಳಗೆ ಅವರವರ ಮಾತು, ಮೈದಾನದಲ್ಲಿ ಮಾತ್ರ ಕನ್ನಡ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗುತ್ತಿರಲಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಶಾಲೆಯ ಸಮವಸ್ತ್ರವನ್ನು ಆರಿಸುತ್ತಿದ್ದರು. ಹೊಗೆಯ ವಾಸನೆಯ ಅಂಗಿಯಲ್ಲೇ ಇಡೀ ತರಗತಿ ಕುಳಿತಿರುತ್ತಿತ್ತು. “ನವೆಂಬರ್ ಒಂದನೆಯ ತಾರೀಖು ಮಳೆ ಬಿಟ್ಟಿರುತ್ತಿತ್ತು, ಧ್ವಜ ಒದ್ದೆಯಾಗದೆ ಹಾರುತ್ತಿತ್ತು, ಅದಕ್ಕೇ ನಮಗೆ ಸ್ವಾತಂತ್ರ್ಯ ದಿನಕ್ಕಿಂತ ರಾಜ್ಯೋತ್ಸವ ಇಷ್ಟ,” ಎಂದು ಅವರು ನಗುತ್ತ ಹೇಳಿದ್ದುಂಟು.

ಈಗ ಎರಡನೆಯ ಪಕ್ಷದ ಮಾತು. ಗಣಿಯ ಸುತ್ತ ಇದ್ದದ್ದು ಎಂಥ ಕಾಡು? ಕಣಿವೆಗಳಲ್ಲಿ ಶೋಲಾ ಎಂಬ ದಟ್ಟ ಕಾಡು, ನೆತ್ತಿಯಲ್ಲಿ ಹುಲ್ಲುಗಾವಲು. ಬಿದ್ದ ಮಳೆಯನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ಹನಿಹನಿಯಾಗಿ ಬಿಡುವ ಸ್ಪಂಜು ಅದು. ಪಶ್ಚಿಮಘಟ್ಟದಲ್ಲಿ ಅಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಸಿಂಗಳೀಕ ಅಲ್ಲಿನ ಮರಗಳಲ್ಲಿದೆ. 1980ರ ದಶಕದ ಮೊದಲಲ್ಲಿ ವನ್ಯಜೀವಿ ತಜ್ಞ ಉಲ್ಲಾಸ ಕಾರಂತರು, ನಮ್ಮ ಶಿವರಾಮ ಕಾರಂತರ ಮಕ್ಕಳು, ಆ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿ ರಕ್ಷಣೆ ಬೇಕೆಂದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರು ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. 2001ರಲ್ಲಿ ಅಂತಿಮ ಪ್ರಕಟಣೆ ಹೊರಟಿತು. 2012ರಲ್ಲಿ ಯುನೆಸ್ಕೊ ಸಂಸ್ಥೆ ಪಶ್ಚಿಮಘಟ್ಟವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಉದ್ಯಾನವೂ ಅದರಲ್ಲಿ ಸೇರಿತು.

ಕಾಡಿಗಿಂತ ರೈತರಿಗೆ ಹತ್ತಿರದ ಪ್ರಶ್ನೆ ಹೊಳೆಯದು. 7,000 ಮಿಲಿಮೀಟರು ಮಳೆ ಬೀಳುವಲ್ಲಿ ಗುಡ್ಡದ ಚರ್ಮ ಸುಲಿದರೆ ಮಣ್ಣು ನಿಲ್ಲುವುದೆಲ್ಲಿ? ಗಣಿಯ ಜಾಗವು ಭದ್ರೆಯ ಮೇಲಣ ಜಲಾನಯನದಲ್ಲಿ ಅತ್ಯಲ್ಪ ಭಾಗ. ಆದರೂ ಹೊಳೆಯಲ್ಲಿ ಬರುವ ಹೂಳಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿತ್ತೆಂದು ವಿಜ್ಞಾನಿಗಳು ಅಳೆದು ತೋರಿಸಿದರು. ಆ ಹೊಳೆಯೇ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿಗೆ ಬರುತ್ತದೆ. ಅಲ್ಲಿಂದ ಶಿವಮೊಗ್ಗ, ದಾವಣಗೆರೆಗಳ ಗದ್ದೆಗಳಿಗೆ ಹೋಗುತ್ತದೆ. ಹರಿಹರದ ನಮ್ಮ ಸ್ನೇಹಿತರ ಮನೆಯ ಅನ್ನ ಆ ನೀರಿನದು. ಬೆಟ್ಟದ ಮೇಲೆ ಒಬ್ಬರ ಸಂಬಳದ ಮಣ್ಣು ಹೊಳೆಗಿಳಿದರೆ, ಕೆಳಗೆ ಇನ್ನೊಬ್ಬರ ಕಾಲುವೆಯ ತುದಿ ಬತ್ತುವ ಭಯ. ಇಬ್ಬರೂ ಕನ್ನಡಿಗರೇ, ಇಬ್ಬರ ಮನೆಯಲ್ಲೂ ಮಕ್ಕಳಿದ್ದರು.

1999ರಲ್ಲಿ 30 ವರ್ಷದ ಗುತ್ತಿಗೆ ಮುಗಿಯಿತು. ಮುಂದುವರಿಸಬೇಕೆಂದು ಒಂದು ಕಡೆ, ನಿಲ್ಲಿಸಬೇಕೆಂದು ಒಂದು ಕಡೆ ಚಳವಳಿಗಳಾದವು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರು, ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಪರವಾಗಿ, ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋದರು. 2002ನೆಯ ಇಸವಿ ಅಕ್ಟೋಬರ್ 30ರಂದು, ಎಂದರೆ ರಾಜ್ಯೋತ್ಸವಕ್ಕೆ ಎರಡು ದಿನ ಮುಂಚೆ, ತೀರ್ಪು ಬಂತು: ಆಗಲೇ ಅಗೆದಿರುವ ಜಾಗದಲ್ಲಿ ಮಾತ್ರ ಕೆಲಸ ನಡೆಯಲಿ, 2005ರ ಡಿಸೆಂಬರ್ ಕೊನೆಗೆ ಗಣಿ ನಿಲ್ಲಲಿ. ಆ ವರ್ಷ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಅದಕ್ಕೆ ಸುಮಾರು ಐದು ವರ್ಷ ಹಿಂದೆ, 2001ರ ಫೆಬ್ರವರಿ 28ರಂದು, ಕೋಲಾರದ ಚಿನ್ನದ ಗಣಿಗಳೂ ಮುಚ್ಚಿದ್ದವು. ಆದರೆ ಎರಡಕ್ಕೂ ಅಂತರವಿದೆ. ಕೋಲಾರದಲ್ಲಿ ಗಣಿ ನಿಂತರೂ ಜನ ಅಲ್ಲೇ ಉಳಿದರು. ಮೂರು ನಾಲ್ಕು ತಲೆಮಾರಿನ ಮನೆಗಳು, ದಿನಾ ಬೆಂಗಳೂರಿಗೆ ರೈಲು. ಕುದುರೆಮುಖದಲ್ಲಿ ಉಳಿಯುವುದಕ್ಕೆ ಆಸರೆಯೇ ಇಲ್ಲ. ಮನೆ ಕಂಪನಿಯದು, ನೆಲ ಕಾಡಿನದು, ಮಳೆ ದೇವರದು. ಕೆಲವರು ಮಂಗಳೂರಿನ ಕಾರ್ಖಾನೆಗೆ ಹೋದರು, ಕೆಲವರು ಸ್ವಯಂನಿವೃತ್ತಿ ಪಡೆದರು, ಕೆಲವರು ಬೇರೆ ಕೆಲಸ ಹುಡುಕಿ ದೂರದ ರಾಜ್ಯಗಳಿಗೆ ನಡೆದರು. ನಮ್ಮ ಸದಸ್ಯರು ಹಾಗೆ ಗುಜರಾತಿಗೆ ಬಂದವರು.

ಕಳೆದ ಬೇಸಗೆಯಲ್ಲಿ ಊರಿಗೆ ಹೋದ ನಾವು ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನಕ್ಕೆಂದು ಕಾರ್ಕಳದಿಂದ ಹೊರಟೆವು. ಬಜಗೋಳಿ ದಾಟಿ ಮಾಳದ ಘಟ್ಟ ಹತ್ತಿದರೆ ಅರಣ್ಯದವರ ತನಿಖಾ ಠಾಣೆ; ಮುಂದೆ ಹನುಮನಗುಂಡಿ ಜಲಪಾತ; ಆಮೇಲೆ ಈ ಊರು. ಬಸ್ಸಿನಿಂದ ಇಳಿದು ಒಂದು ಗಂಟೆ ತಿರುಗಾಡಿದೆವು. ಸಾಲುಸಾಲು ಮನೆಗಳು, ಬಹಳಷ್ಟಕ್ಕೆ ಬೀಗ. ಗೋಡೆಗೆ ಹಾವಸೆ, ಹಂಚಿನ ಸಂದಿಯಲ್ಲಿ ಗಿಡ. ಒಂದು ಹಿತ್ತಿಲಲ್ಲಿ ಯಾರೋ ಎಂದೋ ನೆಟ್ಟ ದಾಸವಾಳ ಆಳೆತ್ತರ ಬೆಳೆದು, ಕೀಳುವವರಿಲ್ಲದೆ ಹೂಬಿಟ್ಟಿತ್ತು. ಒಂದು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗೆರೆಗಳನ್ನು ಎಳೆದು ಪಕ್ಕದಲ್ಲಿ ಇಸವಿಗಳನ್ನು ಬರೆದಿದ್ದರು. ಮಗು ವರ್ಷವರ್ಷಕ್ಕೆ ಎಷ್ಟು ಎತ್ತರವಾಯಿತೆಂಬ ಲೆಕ್ಕ. 2005ರ ಗೆರೆಯೇ ಕೊನೆಯದು. ನಮ್ಮ ಜತೆಗಿದ್ದ ಚಿಕ್ಕ ಹುಡುಗಿ ಆ ಗೆರೆಗೆ ತಲೆಯಿಟ್ಟು ನಿಂತು, “ಈ ಮಗು ಈಗ ಎಲ್ಲಿದೆ?” ಎಂದು ಕೇಳಿದಳು. ನಮ್ಮಲ್ಲಿ ಯಾರೂ ಉತ್ತರ ಹೇಳಲಿಲ್ಲ. ಊರಾಚೆ ಭದ್ರೆಯನ್ನು ನೋಡಿದೆವು. ನೀರು ತಿಳಿಯಾಗಿತ್ತು, ತಳದ ಕಲ್ಲು ಕಾಣುತ್ತಿತ್ತು. ಅದನ್ನು ಕಂಡು ಸಂತೋಷವಾಯಿತೆಂದು ಹೇಳದಿದ್ದರೆ ಸುಳ್ಳಾಗುತ್ತದೆ. ಬಾಗಿಲ ಗೆರೆಯೂ ನಿಜ, ತಿಳಿನೀರೂ ನಿಜ.

ಮಹನೀಯರೇ, ಈ ಕಥೆ ನಮಗೆ ದೂರದ್ದೆಂದು ತಿಳಿಯಬಾರದು. ನಾವು ಕುಳಿತಿರುವ ಈ ಅಹಮದಾಬಾದು ಯಾವ ಊರು? 1861ರಲ್ಲಿ ರಣಛೋಡಲಾಲ್ ಛೋಟಾಲಾಲರು ಮೊದಲ ಬಟ್ಟೆ ಗಿರಣಿಯನ್ನು ಇಲ್ಲಿ ನಡೆಸಿದರು. ಮುಂದೆ ಇದು ಭಾರತದ ಮ್ಯಾಂಚೆಸ್ಟರು ಎನಿಸಿತು; ಗಾಂಧೀಜಿಯವರು 1918ರಲ್ಲಿ ಇಲ್ಲಿಯ ಗಿರಣಿ ಕೂಲಿಕಾರರಿಗಾಗಿ ಉಪವಾಸ ಕುಳಿತರು. ಒಂದು ಕಾಲಕ್ಕೆ ಭೋಂಗಾ ಕೂಗಿದರೆ ಪೂರ್ವಭಾಗದ ಪೇಟೆಗಳೆಲ್ಲ ಏಳುತ್ತಿದ್ದವು, ಉಣ್ಣುತ್ತಿದ್ದವು, ಮಲಗುತ್ತಿದ್ದವು. 1980 ಮತ್ತು 1990ರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಇಲ್ಲಿಯ ಹಿರಿಯರಿಗೆ ಅದು ಕಣ್ಣಾರೆ ಕಂಡ ಸಂಗತಿ. ನಮ್ಮ ದಾವಣಗೆರೆಯೂ ಕರ್ನಾಟಕದ ಮ್ಯಾಂಚೆಸ್ಟರೆಂದು ಕರೆಸಿಕೊಂಡು ಅದೇ ದಾರಿ ಹಿಡಿಯಿತು. ಆದರೆ ಅಹಮದಾಬಾದು ದೊಡ್ಡ ಮರ. ಒಂದು ಕೊಂಬೆ ಒಣಗಿದರೆ ಇನ್ನೊಂದು ಚಿಗುರಿತು. ಕೂಲಿಕಾರನ ಮನೆ ಬಡವಾಯಿತು, ಪೇಟೆ ಉಳಿಯಿತು. ಕುದುರೆಮುಖವು ಒಂದೇ ಕೊಂಬೆಯ ಗಿಡ.

ವಡೋದರದಿಂದ ಬಂದ ಬಂಧುಗಳಿಗೆ ಇನ್ನೂ ಹತ್ತಿರದ ಮಾತು ಹೇಳುತ್ತೇವೆ. ತಮ್ಮಲ್ಲಿ ಎಷ್ಟೋ ಮಂದಿ ಗೊಬ್ಬರದ ಕಾರ್ಖಾನೆಯ, ತೈಲ ಶುದ್ಧೀಕರಣದ, ರೈಲ್ವೆಯ ಕ್ವಾರ್ಟರ್ಸುಗಳಲ್ಲಿ ಇದ್ದವರು, ಇರುವವರು. ಸೂರತ್ತಿನ ಹಜೀರಾ ಕಡೆಯವರದೂ ಅದೇ ಮಾತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬಂದು, ಕೆಲವು ತಿಂಗಳಲ್ಲಿ ಬೀಗದ ಕೈಯನ್ನು ಒಪ್ಪಿಸಬೇಕು. ಆ ಮನೆಯಲ್ಲಿ ಮಗಳ ಮೈನೆರೆದಿರುತ್ತದೆ, ಅತ್ತೆಯ ಉಸಿರು ನಿಂತಿರುತ್ತದೆ, ಹಿತ್ತಿಲಲ್ಲಿ ಕರಿಬೇವು ಮರವಾಗಿರುತ್ತದೆ. ಆದರೂ ಅದು ನಮ್ಮದಲ್ಲ. ಹೀಗೆ ಬೆಳೆದ ಮಕ್ಕಳನ್ನು “ನಿನ್ನ ಊರು ಯಾವುದು?” ಎಂದು ಕೇಳಿದರೆ ಅವರು ಒಂದು ಗಳಿಗೆ ನಮ್ಮ ಮುಖ ನೋಡುತ್ತಾರೆ. ಅಪ್ಪನ ಊರು ಅವರು ರಜೆಯಲ್ಲಿ ಕಂಡದ್ದು; ಹುಟ್ಟಿದ ಊರು ಭಾಷೆಯಲ್ಲಿ ಬೇರೆಯದು. ಕುದುರೆಮುಖದ ಮಕ್ಕಳ ಸಂಕಟವೂ ಇದೇ. ಒಂದೇ ಭೇದವೆಂದರೆ, ನಮ್ಮ ಮಕ್ಕಳು ಬೇಕೆಂದಾಗ ಈ ಊರಿಗೆ ಬಂದು ಗೆಳೆಯರನ್ನು ಕಾಣಬಹುದು. ಅವರು ಹೋದರೆ ಗೋಡೆಗಳನ್ನು ಮಾತ್ರ ಕಾಣಬಹುದು.

ಹಾಗಾದರೆ ಜಗಳದಲ್ಲಿ ಯಾರು ಸರಿ? ತೀರ್ಪು ಹೇಳುವ ಯೋಗ್ಯತೆ ನಮಗಿಲ್ಲ. ಆದರೆ ಅಭಿಪ್ರಾಯವನ್ನು ಮರೆಸುವುದೂ ಸಲ್ಲದು. ಗಣಿ ನಿಂತದ್ದು ಸರಿಯಾಯಿತೆಂದೇ ನಮಗೆ ತೋರುತ್ತದೆ. ಮೂರು ನದಿಗಳ ತವರಿನಲ್ಲಿ ಬೆಟ್ಟವನ್ನು ಅರೆಯುವ ಕೆಲಸ ಎಂದಾದರೂ ನಿಲ್ಲಲೇಬೇಕಿತ್ತು. ಅದಿರು ತೀರಿದ ಮೇಲೆ ನಿಲ್ಲುವುದಕ್ಕಿಂತ ಕಾಡು ತೀರುವುದಕ್ಕೆ ಮೊದಲು ನಿಂತದ್ದು ಲೇಸು. ಹರಿಹರದ ಸ್ನೇಹಿತರು ಈ ಮಾತಿಗೆ ತಲೆದೂಗುವರೆಂದು ಬಲ್ಲೆವು. ಆದರೆ ಅವರಿಗೂ ಒಂದು ಬಿನ್ನಹವಿದೆ. ಹೊಳೆ ತಿಳಿಯಾದದ್ದಕ್ಕೆ ಬೆಲೆ ಕೊಟ್ಟವರು ಯಾರು? ತಮ್ಮ ತಾಲ್ಲೂಕಿನ ಗದ್ದೆಯವರೂ ಅಲ್ಲ, ಅಹಮದಾಬಾದಿನಲ್ಲಿರುವ ನಾವೂ ಅಲ್ಲ. ಬಾಗಿಲ ಚೌಕಟ್ಟಿನಲ್ಲಿ ಗೆರೆ ಎಳೆದ ಆ ಮನೆಯವರು. ನೀರು ಕುಡಿಯುವವರು ಬಾವಿ ತೋಡಿದವರನ್ನು ನೆನೆಯಬೇಕೆಂದು ಹಿರಿಯರು ಹೇಳುತ್ತಾರೆ. ಬಾವಿಗೆ ಜಾಗ ಬಿಟ್ಟು ಎದ್ದುಹೋದವರನ್ನೂ ನೆನೆಯಬೇಡವೇ? ಹಾಗೆಯೇ ಕುದುರೆಮುಖದ ಸ್ನೇಹಿತರಿಗೂ ಒಂದು ಮಾತು. ತಮ್ಮ ತಂದೆ ದುಡಿದದ್ದು ಪಾಪದ ಕೆಲಸವೆಂದು ಯಾರಾದರೂ ಹೇಳಿದರೆ ಅದು ಅನ್ಯಾಯ. ದೇಶ ಬೇಡಿದ್ದನ್ನು ಅವರು ಮಾಡಿದರು. ಮಳೆಯಲ್ಲಿ, ರಾತ್ರಿಯ ಪಾಳಿಯಲ್ಲಿ ಮಾಡಿದರು. ಕೆಲಸ ನಿಂತದ್ದು ಅವರ ದುಡಿಮೆಗೆ ಬಂದ ಕಳಂಕವಲ್ಲ. ಇನ್ನು, ಆ ಬೆಟ್ಟದಲ್ಲಿ ತಮಗಿಂತ ಮೊದಲಿದ್ದ ಮಲೆಕುಡಿಯರ ಮನೆಗಳಿಗೂ ಉದ್ಯಾನದ ಗಡಿ ಪ್ರಶ್ನೆಗಳನ್ನು ತಂದಿತು. ಊರು ಕಳೆದುಕೊಂಡವರೇ ಅವರ ನೋವನ್ನು ಚೆನ್ನಾಗಿ ಅರಿಯಬಲ್ಲರು.

ಈ ಪ್ರಶ್ನೆ ಮುಗಿದದ್ದೂ ಅಲ್ಲ. ಅದೇ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ಕೊಡುವ ವಿಷಯವು 2024ರಲ್ಲಿ ಮತ್ತೆ ಕಾಡು ಮತ್ತು ಕೆಲಸಗಳ ವಾದಕ್ಕೆ ಕಾರಣವಾಯಿತು. ಮುಂದೆಯೂ ನಾಡಿನಲ್ಲಿ ಊರುಗಳು ಏಳುತ್ತವೆ, ಕೆಲಸ ಮುಗಿದು ಮುಚ್ಚುತ್ತವೆ. ಹೊಸ ಗಣಿಗೆ ಗುದ್ದಲಿಪೂಜೆ ಮಾಡುವ ದಿನವೇ, ಮುಚ್ಚುವ ದಿನ ಇಲ್ಲಿಯ ಮಕ್ಕಳು ಎಲ್ಲಿಗೆ ಹೋಗಬೇಕೆಂಬುದನ್ನೂ ಬರೆದಿಡುವ ಪದ್ಧತಿ ಬಂದರೆ ಒಳ್ಳೆಯದು. ಕುದುರೆಮುಖದ ಗುತ್ತಿಗೆ 30 ವರ್ಷದ್ದೆಂದು ಮೊದಲ ದಿನವೇ ಕಾಗದದಲ್ಲಿ ಇತ್ತು. ಮನೆ ಕಟ್ಟಿದವರೂ ಮನೆಯಲ್ಲಿ ಇದ್ದವರೂ ಆ ಕಾಗದವನ್ನು ಮರೆತಿದ್ದರು, ಅಷ್ಟೆ. ನಾವೂ ಮರೆಯುತ್ತೇವೆ.

ಕೊನೆಗೆ, ಕಾರ್ಯಕಾರಿ ಸಮಿತಿಯವರ ಮುಂದೆ ಒಂದು ಸಣ್ಣ ಸೂಚನೆಯನ್ನು ಇಟ್ಟು ಮುಗಿಸುತ್ತೇವೆ. ನಮ್ಮ ಸಂಘವು ಒಂದು ದಪ್ಪ ಪುಸ್ತಕವನ್ನು ತರಿಸಲಿ. ಅದಕ್ಕೆ ಊರಿನ ಪುಸ್ತಕವೆಂದು ಹೆಸರಿಡಲಿ. ಅಹಮದಾಬಾದು, ವಡೋದರ, ಸೂರತ್ತುಗಳ ಪ್ರತಿಯೊಂದು ಕನ್ನಡ ಮನೆಯವರೂ ಅದರಲ್ಲಿ ಎರಡು ಪುಟ ಬರೆಯಲಿ: ಯಾವ ಊರಿನಿಂದ ಬಂದೆವು, ಅಲ್ಲಿ ಯಾವ ಕೆಲಸವಿತ್ತು, ಆ ಕೆಲಸ ಏನಾಯಿತು, ಈಗ ಅಲ್ಲಿ ಯಾರಿದ್ದಾರೆ. ಬರೆಯಲು ಬಾರದ ಅಜ್ಜಿಯರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಕನ್ನಡ ಅಕ್ಷರ ತಿದ್ದುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಊರು ಮುಚ್ಚಬಹುದು, ಬರೆದಿಟ್ಟ ಊರು ಮುಚ್ಚುವುದಿಲ್ಲ.

ಮೊದಲ ಎರಡು ಪುಟಗಳನ್ನು ಕುದುರೆಮುಖದ ಸ್ನೇಹಿತರು ಬರೆಯಲಿ. ಮುಂದಿನ ಎರಡನ್ನು ಹರಿಹರದವರು ಬರೆಯಲಿ. ಇಬ್ಬರ ಪುಟಗಳೂ ಎದುರುಬದರಾಗಿ ಇರಲಿ; ಪುಸ್ತಕ ಮುಚ್ಚಿದಾಗ ಒಂದಕ್ಕೊಂದು ತಗುಲಿಕೊಂಡಿರಲಿ. ಈಗ ಹೊರಗೆ ಚಹ ಸಿದ್ಧವಾಗಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಈ ಸಲ ಅದು ಆರುವುದಕ್ಕೆ ಮೊದಲು ಎಲ್ಲರೂ ಕೂಡಿ ಕುಡಿಯೋಣ.